ಹಳೆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಯಾವುದು ಹೊಂದುತ್ತದೆ, ಯಾವುದು ಮೋಸ?

‘ಎಸ್‌ಎಸ್‌ಡಿ ಹಾಕಿಸಬೇಡಿ, ಎರಡೇ ವರ್ಷಕ್ಕೆ ಸವೆದು ಹೋಗುತ್ತದೆ’ ಎಂಬ ಸಂದೇಶ ಒಂದು ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿರುತ್ತದೆ. ‘16 ಟಿಬಿ ಎಸ್‌ಎಸ್‌ಡಿ ಸಾವಿರ ಚಿಲ್ಲರೆ ರೂಪಾಯಿಗೆ, ಆಫರ್ ಇವತ್ತು ಮಾತ್ರ’ ಎಂಬುದು ಇನ್ನೊಂದು ಗುಂಪಿನಲ್ಲಿ. ಎರಡೂ ಸುಳ್ಳು. ಮೊದಲನೆಯದನ್ನು ನಂಬಿದರೆ ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆಯಬಹುದಾದ ಕಂಪ್ಯೂಟರ್ ಗುಜರಿಗೆ ಹೋಗುತ್ತದೆ, ಹೊಸದಕ್ಕೆ ಹತ್ತಾರು ಸಾವಿರ ಖರ್ಚಾಗುತ್ತದೆ. ಎರಡನೆಯದನ್ನು ನಂಬಿದರೆ ಹೋಗುವುದು ಸಾವಿರ ರೂಪಾಯಿ ಮಾತ್ರವಲ್ಲ. ಅದರಲ್ಲಿ ತುಂಬಿಟ್ಟ ಮದುವೆಯ ಫೋಟೊ, ಮಕ್ಕಳ ವಿಡಿಯೊ, ಅಂಗಡಿಯ ಲೆಕ್ಕ ಎಲ್ಲವೂ ಹೋಗುತ್ತವೆ.

ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ಫ್ಲ್ಯಾಶ್ ಮೆಮೊರಿ ಹಾಕುವುದೆಂದರೆ ಏನು, ಯಾವ ಯಂತ್ರಕ್ಕೆ ಯಾವುದು ಕೂರುತ್ತದೆ, ಕೊಳ್ಳುವಾಗ ಏನು ನೋಡಬೇಕು, ಈ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಚುಟುಕಾಗಿ

• ಹಾರ್ಡ್ ಡಿಸ್ಕ್ ಇರುವ ಹಳೆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿದರೆ ವೇಗ ಹೆಚ್ಚುವುದು ನಿಜ.
• ಮನೆ ಬಳಕೆಯಲ್ಲಿ ಒಳ್ಳೆಯ ಎಸ್‌ಎಸ್‌ಡಿ ಎರಡು ವರ್ಷಕ್ಕೆ ಸವೆಯುತ್ತದೆ ಎಂಬುದು ಸುಳ್ಳು.
• ಸಾವಿರ ರೂಪಾಯಿಯ 16 ಟಿಬಿ ಡ್ರೈವ್ ಎಂಬುದು ಮೋಸ.
• ಎಸ್‌ಎಸ್‌ಡಿ ಇದ್ದರೆ ಬ್ಯಾಕಪ್ ಬೇಡ ಎಂಬುದು ಅಪಾಯಕಾರಿ ಸುಳ್ಳು.

ಹಾರ್ಡ್ ಡಿಸ್ಕ್ ಏಕೆ ನಿಧಾನ?

ಹಾರ್ಡ್ ಡಿಸ್ಕ್ ಒಳಗೆ ಗ್ರಾಮಫೋನ್ ತಟ್ಟೆಯಂತೆ ತಿರುಗುವ ತಟ್ಟೆಗಳಿರುತ್ತವೆ. ಅದರ ಮೇಲೆ ಒಂದು ತೋಳು ಆ ಕಡೆ ಈ ಕಡೆ ಓಡಾಡುತ್ತಾ ಮಾಹಿತಿಯನ್ನು ಓದುತ್ತದೆ, ಬರೆಯುತ್ತದೆ. ಈ ತಂತ್ರಜ್ಞಾನ 1956ರಷ್ಟು ಹಳೆಯದು. ಆ ವರ್ಷ ಐಬಿಎಂ ಕಂಪನಿ ತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಸುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳು. ಇವತ್ತಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೊಗಳಷ್ಟು ಮಾಹಿತಿ ಅದು!

ಲ್ಯಾಪ್‌ಟಾಪ್‌ನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಸರಿಯಾದ ಸಾಲಿಗೆ ಸರಿಯಲು ಮತ್ತೆ ಹತ್ತು ಹನ್ನೆರಡು ಮಿಲಿಸೆಕೆಂಡ್ ಬೇಕು. ಎಲ್ಲ ಸೇರಿಸಿದರೆ ಸೆಕೆಂಡಿಗೆ 60–70 ಬೇರೆ ಬೇರೆ ಜಾಗಗಳನ್ನಷ್ಟೇ ಅದು ಮುಟ್ಟಬಲ್ಲದು.

ಕಂಪ್ಯೂಟರ್ ಆನ್ ಆಗುವಾಗ ಓದಬೇಕಾದದ್ದು ಒಂದು ದೊಡ್ಡ ಫೈಲ್ ಅಲ್ಲ, ಎಲ್ಲೆಲ್ಲೋ ಚದುರಿರುವ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳು. ಆದ್ದರಿಂದಲೇ ಬಟನ್ ಒತ್ತಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಎಷ್ಟೋ ಸಲ ಪ್ರೊಸೆಸರ್‌ಗೆ ಕೆಲಸವೇ ಇರುವುದಿಲ್ಲ, ಅದು ಡಿಸ್ಕ್‌ಗಾಗಿ ಕಾಯುತ್ತಾ ಕೂತಿರುತ್ತದೆ.

ಫ್ಲ್ಯಾಶ್ ಮೆಮೊರಿಯಲ್ಲಿ ತಿರುಗುವುದೂ ಇಲ್ಲ, ತೋಳೂ ಇಲ್ಲ. ಯಾವ ಜಾಗವನ್ನು ಕೇಳಿದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಉತ್ತರ ಬರುತ್ತದೆ. ಸೆಕೆಂಡಿಗೆ 60–70 ಜಾಗ ಮುಟ್ಟುವಲ್ಲಿ ಸಾವಿರಗಟ್ಟಲೆ ಜಾಗ ಮುಟ್ಟಬಹುದು. ಎಸ್‌ಎಸ್‌ಡಿ ಹಾಕಿದಾಗ ಕಂಪ್ಯೂಟರ್ ಹೊಸದಾದಂತೆ ಅನಿಸುವುದಕ್ಕೆ ಇದೇ ಕಾರಣ.

ಫ್ಲ್ಯಾಶ್ ಎಂದರೆ ಏನು?

ನಿಮ್ಮ ಮೊಬೈಲಿನ ಸ್ಟೋರೇಜ್, ಪೆನ್ ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿ ಎಲ್ಲದರ ಒಳಗಿರುವುದು ಫ್ಲ್ಯಾಶ್ ಚಿಪ್‌ಗಳೇ. ಇದನ್ನು ಕಂಡುಹಿಡಿದವರು ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಎಂಜಿನಿಯರ್ ಫುಜಿಯೊ ಮಸುವೊಕ, 1980ರ ದಶಕದಲ್ಲಿ. ಮಾಹಿತಿಯ ದೊಡ್ಡ ಭಾಗವೊಂದು ಒಮ್ಮೆಗೇ ಅಳಿಸಿಹೋಗುವುದು ಕ್ಯಾಮೆರಾ ಫ್ಲ್ಯಾಶ್ ಮಿಂಚಿದಂತಿದೆ ಎಂದು ಅವರ ಸಹೋದ್ಯೋಗಿಯೊಬ್ಬರು ಸೂಚಿಸಿದ ಹೆಸರು ಹಾಗೆಯೇ ಉಳಿಯಿತು.

ಈ ಚಿಪ್‌ಗಳಲ್ಲಿ ವಿದ್ಯುತ್ ಕಣಗಳನ್ನು ಹಿಡಿದಿಡುವ ಕೋಟಿಗಟ್ಟಲೆ ಪುಟ್ಟ ಕೋಶಗಳಿರುತ್ತವೆ. ಕೋಶವನ್ನು ಒಂದು ಲೋಟ ಎಂದುಕೊಳ್ಳಿ. ‘ಖಾಲಿ’ ಅಥವಾ ‘ತುಂಬಿದೆ’ ಎಂದು ಎರಡೇ ಗುರುತು ಇಟ್ಟುಕೊಂಡರೆ ಒಂದು ಲೋಟಕ್ಕೆ ಒಂದು ಬಿಟ್. ಅದೇ ಲೋಟಕ್ಕೆ 8 ಗುರುತು ಹಾಕಿದರೆ ಮೂರು ಬಿಟ್, 16 ಗುರುತು ಹಾಕಿದರೆ ನಾಲ್ಕು ಬಿಟ್ ಹಿಡಿಸುತ್ತದೆ. ಮೂರು ಬಿಟ್‌ನದ್ದು ಟಿಎಲ್‌ಸಿ, ನಾಲ್ಕು ಬಿಟ್‌ನದ್ದು ಕ್ಯೂಎಲ್‌ಸಿ. ಗುರುತುಗಳು ಹತ್ತಿರ ಹತ್ತಿರವಾದಷ್ಟೂ ಬೆಲೆ ಇಳಿಯುತ್ತದೆ, ಜೊತೆಗೆ ಬರೆಯುವ ವೇಗವೂ ಬಾಳಿಕೆಯೂ ಇಳಿಯುತ್ತವೆ.

ಇನ್ನೊಂದು ವಿಶೇಷವಿದೆ. ಫ್ಲ್ಯಾಶ್‌ನಲ್ಲಿ ಒಂದು ಅಕ್ಷರವನ್ನಷ್ಟೇ ಅಳಿಸಿ ತಿದ್ದಲು ಬರುವುದಿಲ್ಲ. ಸ್ಲೇಟಿನ ಮೇಲೆ ಒಂದು ಅಕ್ಷರ ತಿದ್ದಲು ಇಡೀ ಸ್ಲೇಟನ್ನೇ ಒರೆಸಿ ಮತ್ತೆ ಬರೆದಂತೆ ಅದು ಕೆಲಸ ಮಾಡುತ್ತದೆ. ಒರೆಸಿದಷ್ಟು ಸಲ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಈ ಸವೆತ ಒಂದೇ ಕಡೆ ಆಗದಂತೆ ಎಲ್ಲ ಕಡೆಗೂ ಹಂಚುವುದು ಎಸ್‌ಎಸ್‌ಡಿ ಒಳಗಿನ ಕಂಟ್ರೋಲರ್ ಎಂಬ ಚಿಪ್‌ನ ಕೆಲಸ. ಒಳ್ಳೆಯ ಎಸ್‌ಎಸ್‌ಡಿಗೂ ಅಗ್ಗದ ಪೆನ್ ಡ್ರೈವ್‌ಗೂ ಇರುವ ಮುಖ್ಯ ವ್ಯತ್ಯಾಸ ಈ ಕಂಟ್ರೋಲರ್.

ಮೊದಲು ನಿಮ್ಮ ತೊಂದರೆ ಡಿಸ್ಕಿನದ್ದೇ ಎಂದು ನೋಡಿ

ನಿಧಾನವಾದ ಎಲ್ಲ ಕಂಪ್ಯೂಟರ್‌ಗಳಿಗೂ ಎಸ್‌ಎಸ್‌ಡಿ ಮದ್ದಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ಎಂಬಲ್ಲಿ ಡಿಸ್ಕ್ ಹೆಸರಿನ ಪಕ್ಕ ಎಚ್‌ಡಿಡಿ ಇದೆಯೋ ಎಸ್‌ಎಸ್‌ಡಿ ಇದೆಯೋ ಎಂಬುದು ವಿಂಡೋಸ್ 10 ಮತ್ತು 11ರಲ್ಲಿ ಕಾಣುತ್ತದೆ. ಎಚ್‌ಡಿಡಿ ಎಂದಿದ್ದು, ಡಿಸ್ಕ್ ಬಳಕೆ ಬಹಳ ಹೊತ್ತು 100% ಹತ್ತಿರವೇ ನಿಂತಿದ್ದರೆ ತೊಂದರೆ ಅಲ್ಲಿಯೇ ಇದೆ. ಮೆಮೊರಿ, ಅಂದರೆ ರ್‍ಯಾಮ್, ತುಂಬಿ ತುಳುಕುತ್ತಿದ್ದರೆ ಅದನ್ನೂ ಹೆಚ್ಚಿಸಬೇಕು. ಎಸ್‌ಎಸ್‌ಡಿಯು ರ್‍ಯಾಮ್‌ನ ಬದಲಿಯಲ್ಲ. ಅದರಿಂದ ಇಂಟರ್ನೆಟ್ ವೇಗವೂ ಹೆಚ್ಚುವುದಿಲ್ಲ.

ಡಿಸ್ಕಿನಿಂದ ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಮೊದಲು ಮುಖ್ಯ ಫೈಲುಗಳನ್ನು ಬೇರೆಡೆ ನಕಲು ಮಾಡಿ. ಅದು ಕೆಡುವ ಸೂಚನೆ. ಮಿಕ್ಕ ಕೆಲಸವೆಲ್ಲ ಆಮೇಲೆ.

ಯಾವ ಯಂತ್ರಕ್ಕೆ ಯಾವುದು?

ಹೆಚ್ಚಿನವರು ಎಡವುವುದು ಇಲ್ಲೇ. ‘ಎಸ್‌ಎಸ್‌ಡಿ ಕೊಡಿ’ ಎಂದರೆ ಅಂಗಡಿಯವರು ‘ಯಾವುದು?’ ಎಂದು ಕೇಳುತ್ತಾರೆ.

*2.5 ಇಂಚಿನ ಸಾಟಾ ಎಸ್‌ಎಸ್‌ಡಿ.* ಹಾರ್ಡ್ ಡಿಸ್ಕ್ ಇದ್ದ ಬಹುತೇಕ ಹಳೆ ಲ್ಯಾಪ್‌ಟಾಪ್‌ಗಳಿಗೆ ಬೇಕಾದದ್ದು ಇದೇ. ಹಳೆಯ ಡಿಸ್ಕಿನ ಅಳತೆಯಲ್ಲೇ ಇರುತ್ತದೆ, ಅದೇ ಕನೆಕ್ಟರ್, ಅದೇ ಸ್ಕ್ರೂ. ಇವು 7 ಮಿಲಿಮೀಟರ್ ದಪ್ಪ. ಹಿಂದಿನ ಡಿಸ್ಕ್ 9.5 ಮಿಲಿಮೀಟರ್ ದಪ್ಪವಿದ್ದರೆ ಅಲ್ಲಾಡದಂತೆ ಒಂದು ತೆಳು ಪ್ಲಾಸ್ಟಿಕ್ ಚೌಕಟ್ಟು ಇಡುತ್ತಾರೆ. ಇದರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 550 ಎಂಬಿ. ತುಂಬ ಹಳೆಯ ಲ್ಯಾಪ್‌ಟಾಪ್‌ನ ಸಾಟಾ ಅದರ ಅರ್ಧ ವೇಗವನ್ನಷ್ಟೇ ಕೊಡಬಹುದು. ಆದರೂ ಹಾಕಿಸಿಕೊಳ್ಳಬಹುದು. ಚಿಕ್ಕ ಫೈಲುಗಳನ್ನು ಥಟ್ಟನೆ ಹುಡುಕಿಕೊಡುವ ಲಾಭ ಅಲ್ಲೂ ಸಿಗುತ್ತದೆ.

*ಎಂ.2 ಎಸ್‌ಎಸ್‌ಡಿ.* ಚ್ಯೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಉದ್ದನೆಯ ಚಿಕ್ಕ ಹಲಗೆ ಇದು. ಮೇಲಿನ 2280 ಎಂಬ ಸಂಖ್ಯೆಗೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ. ಚಿಕ್ಕ ಯಂತ್ರಗಳಲ್ಲಿ 2242 ಅಥವಾ 2230 ಅಳತೆಯ ಜಾಗವಷ್ಟೇ ಇರುತ್ತದೆ. ಉದ್ದ ನೋಡದೆ ತಂದರೆ ಕೂರುವುದಿಲ್ಲ.

ಇಲ್ಲಿ ಮುಖ್ಯವಾದ ಒಂದು ಮಾತು: ಎಂ.2 ಎನ್ನುವುದು ಆಕಾರದ ಹೆಸರು, ವೇಗದ ಹೆಸರಲ್ಲ. ಒಂದೇ ಆಕಾರದಲ್ಲಿ ಎರಡು ಜಾತಿಗಳಿವೆ: ಸಾಟಾ ಮತ್ತು ಎನ್‌ವಿಎಂಇ. ಸಾಟಾ ಮಾತ್ರ ಒಪ್ಪುವ ಜಾಗಕ್ಕೆ ಎನ್‌ವಿಎಂಇ ತಂದರೆ ಕೆಲಸ ಮಾಡುವುದಿಲ್ಲ, ತಿರುಗುಮುರುಗಾದರೂ ಅಷ್ಟೇ. ಸಾಮಾನ್ಯವಾಗಿ ಸಾಟಾ ಎಂ.2ರ ಅಂಚಿನಲ್ಲಿ ಎರಡು ಕಚ್ಚು, ಎನ್‌ವಿಎಂಇಗೆ ಒಂದು ಕಚ್ಚು ಇರುತ್ತದೆ. ಆದರೆ ಕಚ್ಚು ನೋಡಿಯಷ್ಟೇ ತೀರ್ಮಾನಿಸಬೇಡಿ, ನಿಮ್ಮ ಲ್ಯಾಪ್‌ಟಾಪ್‌ನ ಮಾಡೆಲ್ ಸಂಖ್ಯೆ ಹಾಕಿ ತಯಾರಕರ ಕೈಪಿಡಿಯಲ್ಲಿ ನೋಡಿ. 2014ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳು ಎನ್‌ವಿಎಂಇ ಡ್ರೈವ್‌ನಿಂದ ಸ್ಟಾರ್ಟ್ ಆಗುವುದಿಲ್ಲ ಎಂಬುದೂ ನೆನಪಿರಲಿ.

ಎನ್‌ವಿಎಂಇ ಸೆಕೆಂಡಿಗೆ 3500 ಎಂಬಿ, ಹೊಸ ಯಂತ್ರಗಳಲ್ಲಿ 7000 ಎಂಬಿ ಅಥವಾ ಅದಕ್ಕಿಂತಲೂ ಹೆಚ್ಚು ಓದಬಲ್ಲದು. ಆದರೆ ಬ್ರೌಸರ್, ಟೈಪಿಂಗ್, ಟ್ಯಾಲಿ, ಆನ್‌ಲೈನ್ ತರಗತಿಯಂಥ ಬಳಕೆಯಲ್ಲಿ ಸಾಟಾ ಎಸ್‌ಎಸ್‌ಡಿಗೂ ಅದಕ್ಕೂ ಅಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದದ್ದೇ ದೊಡ್ಡ ಜಿಗಿತ.

*ಎಂಸಾಟಾ.* ಎಂ.2 ಬರುವ ಮೊದಲಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಮಿನಿ ಪಿಸಿಗಳಲ್ಲಿ ಇದೆ. ಸುಮಾರು 51 x 30 ಮಿಲಿಮೀಟರ್ ಅಳತೆಯ ಹಲಗೆ. ಎಂ.2 ಜಾಗಕ್ಕೆ ಇದು ಹೊಂದುವುದಿಲ್ಲ.

*ಇಎಂಎಂಸಿ.* 32 ಅಥವಾ 64 ಜಿಬಿಯ ಅಗ್ಗದ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಇದು. ಇದೂ ಫ್ಲ್ಯಾಶ್ ಚಿಪ್ಪೇ, ಆದರೆ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬಿಚ್ಚಿ ಬದಲಿಸಲು ಬರುವುದಿಲ್ಲ. 32 ಜಿಬಿಯದ್ದರಲ್ಲಿ ವಿಂಡೋಸ್ ಅಪ್‌ಡೇಟ್‌ಗೂ ಜಾಗ ಸಾಲದೆ ಒದ್ದಾಡಬೇಕಾಗುತ್ತದೆ. ಒಳಗೆ ಖಾಲಿ ಎಂ.2 ಅಥವಾ ಸಾಟಾ ಜಾಗ ಇದ್ದರೆ ಮಾತ್ರ ಎಸ್‌ಎಸ್‌ಡಿ ಸೇರಿಸಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

*ಮೈಕ್ರೊ ಎಸ್‌ಡಿ ಕಾರ್ಡ್.* ಶಾಲೆಯ ವಿಜ್ಞಾನ ಪ್ರಾಜೆಕ್ಟ್‌ಗಳಲ್ಲೂ ಬಳಕೆಯಾಗುವ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರ್ ಸಾಮಾನ್ಯವಾಗಿ ಮೆಮೊರಿ ಕಾರ್ಡಿನಿಂದಲೇ ನಡೆಯುತ್ತದೆ. ಕಾರ್ಡಿನ ಮೇಲೆ ಎ1 ಅಥವಾ ಎ2 ಗುರುತು ಇರಲಿ. ಎ1 ಎಂದರೆ ಸೆಕೆಂಡಿಗೆ ಕನಿಷ್ಠ 1500 ಸಲ ಚದುರಿದ ಜಾಗಗಳಿಂದ ಓದಬಲ್ಲದು, 500 ಸಲ ಬರೆಯಬಲ್ಲದು ಎಂದರ್ಥ. ಎ2ಕ್ಕೆ ಈ ಸಂಖ್ಯೆಗಳು 4000 ಮತ್ತು 2000. ದಿನವಿಡೀ ಬರೆಯುತ್ತಲೇ ಇರುವ ಕೆಲಸಕ್ಕೆ ಸಾಮಾನ್ಯ ಕಾರ್ಡ್ ಬಾಳುವುದಿಲ್ಲ, ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡಿನಲ್ಲಿರುವುದು ಕೆಡಲೂಬಹುದು. ಪೈ 4ನ್ನು ಯುಎಸ್‌ಬಿಯಲ್ಲಿ ಜೋಡಿಸಿದ ಎಸ್‌ಎಸ್‌ಡಿಯಿಂದ ನಡೆಸಬಹುದು. ಪೈ 5ಕ್ಕೆ ಒಂದು ಸೇರುವೆ ಹಲಗೆಯ ಮೂಲಕ ಎಂ.2 ಎನ್‌ವಿಎಂಇಯನ್ನೇ ಹಾಕಬಹುದು.

*ಕಾಂಪ್ಯಾಕ್ಟ್‌ಫ್ಲ್ಯಾಶ್.* 1994ರಲ್ಲಿ ಸ್ಯಾನ್‌ಡಿಸ್ಕ್ ತಂದ ಈ ಕಾರ್ಡನ್ನು ಕ್ಯಾಮೆರಾದವರು ಬಲ್ಲರು. ಇದು ಹಳೆಯ ಐಡಿಇ ಹಾರ್ಡ್ ಡಿಸ್ಕಿನ ಭಾಷೆಯನ್ನೇ ಮಾತಾಡುತ್ತದೆ. ಆದ್ದರಿಂದ ಒಂದು ಸರಳ ಅಡಾಪ್ಟರ್ ಇದ್ದರೆ ಸಾಟಾ ಬರುವ ಮೊದಲಿನ ಕಂಪ್ಯೂಟರ್‌ಗಳಲ್ಲಿ ಹಾರ್ಡ್ ಡಿಸ್ಕಿನ ಜಾಗದಲ್ಲಿ ಕೂರುತ್ತದೆ. ಸಿಲಿಕಾನ್‌ನಿಂದ ಹಾರ್ಡ್ ಡಿಸ್ಕನ್ನು ಬದಲಿಸುವ ಪ್ರಯೋಗವನ್ನು ಹವ್ಯಾಸಿಗಳು ಬಹಳ ಹಿಂದೆಯೇ ಮಾಡಿದ್ದು ಹೀಗೆ. 2004ರ ಐಪಾಡ್ ಮಿನಿಯೊಳಗಿನ 1 ಇಂಚಿನ ಪುಟ್ಟ ಹಾರ್ಡ್ ಡಿಸ್ಕ್ ತೆಗೆದು ಈ ಕಾರ್ಡ್ ಹಾಕಿಕೊಂಡವರೂ ಉಂಟು. ಇಂದಿಗೂ ಐಡಿಇ ಡಿಸ್ಕ್ ಮೇಲೆ ನಡೆಯುವ ಹಳೆ ಯಂತ್ರವನ್ನು ಉಳಿಸಿಕೊಳ್ಳಲು ಇದು ದಾರಿ. ಆದರೆ ಕ್ಯಾಮೆರಾ ಕಾರ್ಡ್‌ಗಳಲ್ಲಿ ಹಲವು ತಮ್ಮನ್ನು ‘ತೆಗೆಯಬಹುದಾದ ಡಿಸ್ಕ್’ ಎಂದು ತೋರಿಸಿಕೊಳ್ಳುವುದರಿಂದ ವಿಂಡೋಸ್ ಇನ್‌ಸ್ಟಾಲ್ ಮಾಡಲು ತೊಡಕಾಗುತ್ತದೆ. ಇಂಥ ಕೆಲಸಕ್ಕೆ ಕೈಗಾರಿಕಾ ದರ್ಜೆಯ ಕಾರ್ಡ್ ಕೇಳಬೇಕು.

ಎಷ್ಟು ಜಿಬಿ?

ಬರೀ ಓದು, ಬರಹ, ಬ್ರೌಸಿಂಗ್‌ಗೆ 256 ಜಿಬಿ ಸಾಕು. ಫೋಟೊ, ವಿಡಿಯೊ ಹೆಚ್ಚಿದ್ದರೆ 512 ಜಿಬಿ. ಪೂರ್ತಿ ತುಂಬಿದ ಎಸ್‌ಎಸ್‌ಡಿ ನಿಧಾನವಾಗುತ್ತದೆ, ಬೇಗ ಸವೆಯುತ್ತದೆ. ಸುಮಾರು ಐದನೇ ಒಂದು ಭಾಗ ಖಾಲಿ ಇಡುವುದು ಒಳ್ಳೆಯ ರೂಢಿ.

‘500 ಜಿಬಿ ಕೊಂಡೆ, 465 ಜಿಬಿ ತೋರಿಸುತ್ತಿದೆ, ಮೋಸ ಆಯಿತು’ ಎಂಬ ದೂರು ಆಗಾಗ ಕೇಳುತ್ತದೆ. ಇದು ಮೋಸವಲ್ಲ. ತಯಾರಕರು 1 ಜಿಬಿಗೆ 100 ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ 1024ರ ಗುಣಾಕಾರದಲ್ಲಿ ಲೆಕ್ಕ ಹಾಕುತ್ತದೆ. ಆದ್ದರಿಂದ 256 ಎಂದಿದ್ದದ್ದು 238 ಎಂದೂ, 1 ಟಿಬಿ ಎಂದಿದ್ದದ್ದು 931 ಜಿಬಿ ಎಂದೂ ಕಾಣುತ್ತದೆ.

ಹರಿದಾಡುವ ಮಾತುಗಳು, ನಿಜ ಸಂಗತಿ

*ಹೇಳಿಕೆ: ಎಸ್‌ಎಸ್‌ಡಿ ಎರಡು ವರ್ಷಕ್ಕೆ ಸವೆಯುತ್ತದೆ.*
ಸುಳ್ಳು. ಸವೆಯುವುದು ನಿಜ, ಆದರೆ ಎಷ್ಟು ಬರೆದರೆ ಎಂಬುದು ಮುಖ್ಯ. ಒಳ್ಳೆಯ ಕಂಪನಿಗಳು ‘ಟಿಬಿಡಬ್ಲ್ಯೂ’ ಎಂಬ ಅಂಕಿ ಕೊಡುತ್ತವೆ. ಒಟ್ಟು ಎಷ್ಟು ಟಿಬಿ ಬರೆಯುವವರೆಗೆ ವಾರಂಟಿ ಎಂಬುದು ಅದು. ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೊ 500 ಜಿಬಿ ಮಾದರಿಗೆ ಅದು 300 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ಅಷ್ಟು ಮುಗಿಯಲು 15,000 ದಿನ, ಅಂದರೆ 41 ವರ್ಷ ಬೇಕು. ಮನೆ ಬಳಕೆಯಲ್ಲಿ ದಿನಕ್ಕೆ 20 ಜಿಬಿ ಬರೆಯುವುದೇ ಹೆಚ್ಚು. ಅಷ್ಟರೊಳಗೆ ಲ್ಯಾಪ್‌ಟಾಪ್‌ನ ಕೀಬೋರ್ಡ್, ಬ್ಯಾಟರಿ, ಪರದೆ ಎಲ್ಲ ಹೋಗಿರುತ್ತವೆ.

*ಹೇಳಿಕೆ: ಕರೆಂಟ್ ಕೊಡದೆ ಒಂದು ವಾರ ಇಟ್ಟರೆ ಎಸ್‌ಎಸ್‌ಡಿಯಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.*
ದಾರಿ ತಪ್ಪಿಸುವ ಮಾತು. 2015ರಲ್ಲಿ ಇದು ಪ್ರಪಂಚದಾದ್ಯಂತ ಸುದ್ದಿಯಾಯಿತು. ತಂತ್ರಜ್ಞರಿಗಾಗಿ ಮಾಡಿದ್ದ ಒಂದು ಪ್ರಾತ್ಯಕ್ಷಿಕೆಯ ಕೋಷ್ಟಕವನ್ನು ತಪ್ಪಾಗಿ ಓದಿದ್ದೇ ಅದಕ್ಕೆ ಕಾರಣ. ಅದು ಪೂರ್ತಿ ಸವೆದು ಮುಗಿದ ಡ್ರೈವನ್ನು ವಿಪರೀತ ಬಿಸಿಯಲ್ಲಿ ಇಟ್ಟರೆ ಏನಾಗುತ್ತದೆ ಎಂಬ ಲೆಕ್ಕ. ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮದ ಪ್ರಕಾರ ಮನೆ ಬಳಕೆಯ ಎಸ್‌ಎಸ್‌ಡಿ ತನ್ನ ಬಾಳಿಕೆ ಮುಗಿದ ಮೇಲೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿಯನ್ನು ಹಿಡಿದಿಡಬೇಕು. ಹೊಸ ಡ್ರೈವ್ ಇನ್ನೂ ಹೆಚ್ಚು ಕಾಲ ಹಿಡಿದಿಡುತ್ತದೆ. ಆದರೆ ಈ ಮಾತಿನಲ್ಲಿ ಒಂದು ಎಳೆ ನಿಜವಿದೆ: ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟು ಮರೆಯುವುದಕ್ಕೆ ಫ್ಲ್ಯಾಶ್ ಸರಿಯಾದ ವಸ್ತುವಲ್ಲ.

*ಹೇಳಿಕೆ: ತಿಂಗಳಿಗೊಮ್ಮೆ ಡಿಫ್ರಾಗ್ ಮಾಡಬೇಕು.*
ಎಸ್‌ಎಸ್‌ಡಿಗೆ ಬೇಡ. ಚದುರಿದ ಫೈಲುಗಳನ್ನು ಒಂದೆಡೆ ಜೋಡಿಸುವುದು ತಿರುಗುವ ತಟ್ಟೆಗಷ್ಟೇ ಉಪಯೋಗ. ಎಸ್‌ಎಸ್‌ಡಿಗೆ ಅದರಿಂದ ಸುಮ್ಮನೆ ಸವೆತ. ವಿಂಡೋಸ್ 7ರಿಂದ ಈಚೆಗೆ ‘ಟ್ರಿಮ್’ ಎಂಬ ವ್ಯವಸ್ಥೆ ಅಳಿಸಿದ ಜಾಗಗಳ ಪಟ್ಟಿಯನ್ನು ಎಸ್‌ಎಸ್‌ಡಿಗೆ ತಾನಾಗಿಯೇ ತಿಳಿಸುತ್ತದೆ. ನೀವೇನೂ ಮಾಡಬೇಕಿಲ್ಲ.

*ಹೇಳಿಕೆ: ಎಸ್‌ಎಸ್‌ಡಿ ಕೆಡುವುದೇ ಇಲ್ಲ, ಬ್ಯಾಕಪ್ ಬೇಡ.*
ಅಪಾಯಕಾರಿ ಸುಳ್ಳು. ಲ್ಯಾಪ್‌ಟಾಪ್ ಕೈತಪ್ಪಿ ಬಿದ್ದಾಗ ಎಸ್‌ಎಸ್‌ಡಿ ಗಟ್ಟಿ, ಅದು ನಿಜ. ಹಾರ್ಡ್ ಡಿಸ್ಕಿನಲ್ಲಿ ಓದುವ ಮುಳ್ಳು ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಓಡುತ್ತಿರುವಾಗ ಒಂದು ಪೆಟ್ಟು ಬಿದ್ದರೂ ಗೀರಬಹುದು. ಎಸ್‌ಎಸ್‌ಡಿಗೆ ಆ ಭಯವಿಲ್ಲ. ಆದರೆ ಕಂಟ್ರೋಲರ್ ಕೆಟ್ಟರೆ ಅದು ಯಾವ ಮುನ್ಸೂಚನೆಯೂ ಇಲ್ಲದೆ ಒಂದು ಬೆಳಗ್ಗೆ ಏಳುವುದೇ ಇಲ್ಲ. ಹಾರ್ಡ್ ಡಿಸ್ಕ್ ಎಷ್ಟೋ ಸಲ ಸದ್ದು ಮಾಡಿ, ತಡವರಿಸಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿಯಿಂದ ಅಳಿಸಿಹೋದದ್ದನ್ನು ಮರಳಿ ಪಡೆಯುವುದೂ ಹೆಚ್ಚು ಕಷ್ಟ, ಏಕೆಂದರೆ ಟ್ರಿಮ್ ಆದ ಜಾಗ ನಿಜಕ್ಕೂ ಒರೆಸಿಹೋಗುತ್ತದೆ.

*ಹೇಳಿಕೆ: ಎಸ್‌ಎಸ್‌ಡಿ ಹಾಕಿದರೆ ವಿಂಡೋಸ್ 11 ಬರುತ್ತದೆ.*
ಹಾಗೇನಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಕಂಪನಿ ಒಪ್ಪಿದ ಪ್ರೊಸೆಸರ್ ಬೇಕು. ಎಸ್‌ಎಸ್‌ಡಿಯಿಂದ ಇವು ಬರುವುದಿಲ್ಲ. ಅಂಥ ಹಳೆ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿ ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಬಳಸಬಹುದು. ಅವುಗಳಲ್ಲಿ ಕನ್ನಡ ಟೈಪಿಂಗ್ ಕೂಡ ಇದೆ.

ಸಾವಿರ ರೂಪಾಯಿಯ 16 ಟಿಬಿ: ಒಳಗೇನಿದೆ?

ನೋಡಲು ಚೆಂದದ ಲೋಹದ ಪೆಟ್ಟಿಗೆ. ಕಂಪ್ಯೂಟರ್‌ಗೆ ಚುಚ್ಚಿದರೆ ಟಿಬಿಗಟ್ಟಲೆ ಜಾಗ ಕಾಣುತ್ತದೆ. ಕೆಲವು ಫೋಟೊ ಹಾಕಿ ತೆರೆದರೆ ಸರಿಯಾಗಿಯೇ ಬರುತ್ತವೆ. ಐದು ನಕ್ಷತ್ರ ಕೊಟ್ಟ ವಿಮರ್ಶೆಗಳಲ್ಲಿ ಎಷ್ಟೋ ಇಷ್ಟು ನೋಡಿ ಬರೆದಂಥವು.

ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಒಂದು ಯುಎಸ್‌ಬಿ ಹಲಗೆಗೆ ಅಂಟಿಸಿದ ಸಾಧಾರಣ ಮೈಕ್ರೊ ಎಸ್‌ಡಿ ಕಾರ್ಡ್. ಕಂಟ್ರೋಲರ್‌ನ ತಂತ್ರಾಂಶವನ್ನು ತಿದ್ದಿ ‘ನನ್ನಲ್ಲಿ 16 ಟಿಬಿ ಇದೆ’ ಎಂದು ಸುಳ್ಳು ಹೇಳಿಸಿರುತ್ತಾರೆ. ನಿಜವಾಗಿ ಇರುವ ಜಾಗ, ಅಂದುಕೊಳ್ಳಿ 64 ಜಿಬಿ, ತುಂಬುವವರೆಗೆ ಎಲ್ಲ ಸರಿ. ಆಮೇಲೆ ಹಾಕಿದ್ದು ಹಳೆಯದರ ಮೇಲೆಯೇ ಬರೆದುಹೋಗುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಅಷ್ಟು ಹೊತ್ತಿಗೆ ನೀವು ಮೊಬೈಲಿನಲ್ಲಿದ್ದ ಮೂಲ ಫೋಟೊಗಳನ್ನು ಅಳಿಸಿರುತ್ತೀರಿ. ಈ ಮೋಸದ ನಿಜವಾದ ಏಟು ಅದು.

ಗುರುತಿಸುವುದು ಹೇಗೆ?

• ಹೆಸರಾಂತ ಕಂಪನಿಗಳ 1 ಟಿಬಿ ಎಸ್‌ಎಸ್‌ಡಿ ಬೆಲೆ ನೋಡಿ. ಅದಕ್ಕಿಂತ ಎಷ್ಟೋ ಕಡಿಮೆಗೆ 16 ಟಿಬಿ ಕೊಡಲು ಯಾರಿಂದಲೂ ಆಗದು.
• ಕಂಪನಿಯ ಹೆಸರು, ವಾರಂಟಿ, ಟಿಬಿಡಬ್ಲ್ಯೂ ಏನೂ ಇಲ್ಲದಿದ್ದರೆ ಬಿಡಿ.
• ಕೊಂಡಾಗಿದ್ದರೆ ಪರೀಕ್ಷಿಸಿ. ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’, ಲಿನಕ್ಸ್‌ನಲ್ಲಿ ‘ಎಫ್3’ ಎಂಬ ಉಚಿತ ತಂತ್ರಾಂಶಗಳು ಡ್ರೈವ್ ತುಂಬ ಬರೆದು, ಮತ್ತೆ ಓದಿ, ತಾಳೆ ನೋಡುತ್ತವೆ. ಗಂಟೆಗಟ್ಟಲೆ ಹಿಡಿಯಬಹುದು, ಆದರೆ ಉತ್ತರ ಖಚಿತ.
• ಮೋಸವಾಗಿದ್ದರೆ ಹಿಂದಿರುಗಿಸುವ ಅವಧಿಯೊಳಗೆ ವಾಪಸ್ ಮಾಡಿ. ಮಾರಿದವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಿಲ್ ಇಟ್ಟುಕೊಂಡಿರಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ನಿಮ್ಮೂರಿನ ಅಂಗಡಿಯಲ್ಲಿ ಕೊಂಡರೂ ಹಾಕಿಸಿದ ಮೇಲೆ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ಎಂಬ ಉಚಿತ ತಂತ್ರಾಂಶದಲ್ಲಿ ಒಮ್ಮೆ ನೋಡಿ. ಡ್ರೈವ್ ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ ಎಂಬುದು ಅದರಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಹೊಸದೆಂದು ಕೊಟ್ಟದ್ದು ಸಾವಿರಾರು ಗಂಟೆ ಓಡಿದ್ದರೆ ಅದು ಹೊಸದಲ್ಲ.

ಬದಲಿಸುವ ಕ್ರಮ

1. ಮೊದಲು ಬ್ಯಾಕಪ್. ಮುಖ್ಯವಾದದ್ದೆಲ್ಲ ಇನ್ನೊಂದು ಕಡೆ ಇರಲಿ.
2. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಿ. ಇದಿಲ್ಲದೆ ಹಳೆ ಡಿಸ್ಕನ್ನು ಮತ್ತೆ ತೆರೆಯಲು ಆಗದಿರಬಹುದು.
3. ಹಳೆಯದನ್ನು ಇದ್ದಂತೆಯೇ ನಕಲು ಮಾಡುವುದು ಒಂದು ದಾರಿ. ಯುಎಸ್‌ಬಿ–ಸಾಟಾ ಕೇಬಲ್‌ನಲ್ಲಿ ಎಸ್‌ಎಸ್‌ಡಿ ಜೋಡಿಸಿ ‘ಕ್ಲೋನ್‌ಜಿಲ್ಲಾ’ದಂಥ ಉಚಿತ ತಂತ್ರಾಂಶ ಬಳಸಬಹುದು. ವರ್ಷಗಳ ಕಸ ತುಂಬಿದ್ದರೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಮೇಲು.
4. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಬಿಚ್ಚಲು ಬರುವ ಬ್ಯಾಟರಿಯಾದರೆ ಅದನ್ನೂ ತೆಗೆದ ಮೇಲಷ್ಟೇ ಸ್ಕ್ರೂಗೆ ಕೈ ಹಾಕಿ. ಒಳಗಿನದನ್ನು ಮುಟ್ಟುವ ಮುನ್ನ ಒಂದು ಲೋಹದ ವಸ್ತುವನ್ನು ಮುಟ್ಟಿ, ಮೈಯ ಸ್ಥಿರ ವಿದ್ಯುತ್ ಹರಿದುಹೋಗಲಿ.
5. ಡಿವಿಡಿ ಡ್ರೈವ್ ಬಳಸುತ್ತಿಲ್ಲವೆಂದರೆ ಅದರ ಜಾಗಕ್ಕೆ ‘ಕ್ಯಾಡಿ’ ಎಂಬ ಚೌಕಟ್ಟು ಹಾಕಿ ಹಳೆ ಹಾರ್ಡ್ ಡಿಸ್ಕನ್ನು ಅಲ್ಲಿ ಕೂರಿಸಬಹುದು. ಇದರಲ್ಲಿ 9.5 ಮತ್ತು 12.7 ಮಿಲಿಮೀಟರ್ ಎಂದು ಎರಡು ದಪ್ಪಗಳಿವೆ, ಅಳೆದು ಕೊಳ್ಳಿ.

ಕೈಯಲ್ಲಿ ಆಗದು ಎನಿಸಿದರೆ ಅಂಗಡಿಯಲ್ಲಿ ಮಾಡಿಸಿ. ಆದರೆ ಹಳೆ ಡಿಸ್ಕನ್ನು ಕೇಳಿ ವಾಪಸ್ ಪಡೆಯಿರಿ. ಅದರಲ್ಲಿ ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಫೋಟೊ ಎಲ್ಲ ಇರುತ್ತದೆ. ‘ಡಿಲೀಟ್’ ಮಾಡಿದ ಮಾತ್ರಕ್ಕೆ ಹಾರ್ಡ್ ಡಿಸ್ಕಿನಿಂದ ಅವು ಹೋಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಬ್ಯಾಟರಿ ಸತ್ತುಹೋದ ಲ್ಯಾಪ್‌ಟಾಪನ್ನು ನೇರ ಕರೆಂಟಿನಲ್ಲೇ ಬಳಸುವವರು ನಮ್ಮಲ್ಲಿ ಬಹಳ. ಬರೆಯುತ್ತಿರುವಾಗ ಥಟ್ಟನೆ ಕರೆಂಟ್ ಹೋದರೆ ಎಸ್‌ಎಸ್‌ಡಿಯಲ್ಲೂ ಫೈಲ್ ಕೆಡಬಹುದು. ಹೊಸ ಬ್ಯಾಟರಿ ಅಥವಾ ಒಂದು ಚಿಕ್ಕ ಯುಪಿಎಸ್ ಇರಲಿ.

ಹಾರ್ಡ್ ಡಿಸ್ಕ್ ಬಿಸಾಡಬೇಕೆ?

ಬೇಡ. ಟಿಬಿಗೆ ತಗಲುವ ಬೆಲೆಯಲ್ಲಿ ಅದು ಈಗಲೂ ಅಗ್ಗ. ಆಗಾಗ ಮಾತ್ರ ತೆರೆಯುವ ದೊಡ್ಡ ವಿಡಿಯೊಗಳಿಗೆ, ಸಿಸಿಟಿವಿ ರೆಕಾರ್ಡಿಂಗ್‌ಗೆ, ಬ್ಯಾಕಪ್‌ಗೆ ಅದೇ ಒಳ್ಳೆಯದು. ತೆಗೆದ ಡಿಸ್ಕ್ ಆರೋಗ್ಯವಾಗಿದ್ದರೆ ಒಂದು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಮನೆಯವರ ಫೋಟೊಗಳ ಇನ್ನೊಂದು ಪ್ರತಿ ಇಡಿ.

ಬ್ಯಾಕಪ್‌ಗೆ ಒಂದು ಸುಲಭ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಯಲ್ಲಿ ಒಂದು, ಹಳೆ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡ್‌ನಲ್ಲಿ ಅಥವಾ ಊರಿನ ಅಣ್ಣನ ಮನೆಯಲ್ಲಿ ಒಂದು.

‘16 ಟಿಬಿ ಆಫರ್’ ಸಂದೇಶ ನಿಮ್ಮ ಗುಂಪಿಗೂ ಬಂದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಅದರ ಕೆಳಗೆ ಈ ಲೇಖನವನ್ನು ಹಾಕಿ. ಯಾರಾದರೂ ಈಗಾಗಲೇ ಕೊಂಡಿದ್ದರೆ ಮೊಬೈಲಿನ ಮೂಲ ಫೋಟೊಗಳನ್ನು ಅಳಿಸುವ ಮೊದಲು ಡ್ರೈವನ್ನು ಪರೀಕ್ಷಿಸಲು ಹೇಳಿ.